ಹೈನು ಮತ್ತು ಹೊಣೆ

೧

ಪರೋಪಕಾರವು ಪುಣ್ಯವೆಂದು ಬಾಲ್ಯದಿಂದ ಕೇಳುತ್ತ ಬಂದವರಿಗೆ ಉಪಕಾರದಲ್ಲಿಯೂ ಧರ್ಮಸಂಕಟವುಂಟೆಂಬ ಮಾತು ವಿಚಿತ್ರವಾಗಿ ತೋರಬಹುದು. ಹಸಿದವನಿಗೆ ಅನ್ನವಿಕ್ಕುವುದರಲ್ಲಿ ಸಂಕಟವೇನೂ ಇಲ್ಲ. ಉಂಡೆದ್ದವನು ಮೊದಲಿನ ಮನುಷ್ಯನಾಗಿಯೇ ಉಳಿಯುವನು. ಅವನ ಮನೆ, ಹೊಲ, ನೆರೆಹೊರೆ, ಸಾಲಸೋಲ ಎಲ್ಲವೂ ಇದ್ದಂತೆಯೇ ಇರುವುವು. ಆದರೆ ಒಬ್ಬನ ಬದುಕಿನ ಕ್ರಮವನ್ನೇ ಬದಲಿಸಿ ಅವನಿಗೆ ಹಿತವನ್ನುಂಟುಮಾಡುವೆವೆಂದು ಹೊರಡುವವರ ಕೆಲಸ ಅಷ್ಟು ಸುಲಭವಾದುದಲ್ಲ. ಹಳೆಯ ಕ್ರಮದಲ್ಲಿ ಅವನಿಗೆ ತಿಳಿದಿದ್ದ ಕಷ್ಟಗಳಿದ್ದುವು. ಹೊಸ ಕ್ರಮದಲ್ಲಿ ಅವನಿಗೆ ತಿಳಿಯದ ಕಷ್ಟಗಳು ಕಾದಿರುವುವು. ಲಾಭ ಬಂದಾಗ ಅದನ್ನು ತಮ್ಮ ಉಪಕಾರದ ಫಲವೆಂದು ಎಣಿಸುವವರು, ನಷ್ಟ ಬಂದಾಗ ಅದನ್ನು ಅವನ ಹಣೆಬರಹಕ್ಕೆ ಬಿಟ್ಟು ಹಿಂದಿರುಗುವುದಾದರೆ, ಅದನ್ನು ಉಪಕಾರವೆನ್ನಬಹುದೆ?

ಕೃಷ್ಣೆಗೂ ತುಂಗಭದ್ರೆಗೂ ನಡುವಣ ರಾಯಚೂರು ಸೀಮೆಯಲ್ಲಿ ಈ ಪ್ರಶ್ನೆಯು ಪುಸ್ತಕದ ಪ್ರಶ್ನೆಯಲ್ಲ. ದೇವದುರ್ಗ, ಮಾನ್ವಿ ತಾಲೂಕುಗಳ ಹಳ್ಳಿಗಳಲ್ಲಿ ಒಂದು ಆಕಳನ್ನೋ ಒಂದೆರಡು ಎಮ್ಮೆಗಳನ್ನೋ ಕಟ್ಟಿಕೊಂಡಿರುವ ಸಣ್ಣ ಒಕ್ಕಲಿಗನನ್ನು, ಮನೆಯ ಹೈನಿನಿಂದ ಪೇಟೆಯ ಹೈನುಗಾರಿಕೆಗೆ ಏರಿಸಬೇಕೆಂಬುದು ಸರಕಾರ, ಸಹಕಾರ ಸಂಘ, ಬ್ಯಾಂಕು, ಸೇವಾಸಂಸ್ಥೆ ಎಲ್ಲರ ಒಮ್ಮತದ ಅಭಿಪ್ರಾಯ. ಆ ಹಾಲನ್ನು ಕೊಳ್ಳುವವರು ರಾಯಚೂರು ನಗರದಂಥ ಊರುಗಳ ಗೃಹಸ್ಥರು. ಹೀಗೆ ಒಂದು ಕೆಚ್ಚಲಿನ ಹಾಲಿಗೆ ಪಾಲುಗಾರರು ಹಲವರು. ಆದರೆ ಆ ಕೆಚ್ಚಲು ಬತ್ತಿದಾಗ, ಆ ಆಕಳು ಮುದಿಯಾದಾಗ, ಅದು ಹೋರಿಗರುವನ್ನು ಈದಾಗ, ಆ ಹೊರೆಗೆ ಪಾಲುಗಾರರು ಯಾರು? ಸಣ್ಣ ಹಿಡುವಳಿದಾರನಿಗೆ ಮಾಡುವ ಸಹಾಯದ ನೀತಿಯೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

೨

ಈ ಸೀಮೆಗೆ ದನಸಾಕಣೆ ಹೊಸದಲ್ಲ. ರಾಯಚೂರು, ಸುರಪುರ, ಬಳ್ಳಾರಿ ಪ್ರಾಂತಗಳಲ್ಲಿ ಅಲ್ಲಲ್ಲಿ ಬೂದಿಯ ದಿಬ್ಬಗಳು ಕಾಣುವುವು. ಇಂಥವನ್ನು ರಾಕ್ಷಸರನ್ನು ಸುಟ್ಟ ಬೂದಿಯೆಂದು ಹಳ್ಳಿಗರು ಹೇಳುತ್ತಿದ್ದರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ದಹನಸ್ಥಾನವೆಂದು ಇಂದಿಗೂ ತೋರಿಸುವರು. ಹತ್ತೊಂಬತ್ತನೆಯ ಶತಮಾನದಲ್ಲಿ ಇವುಗಳನ್ನು ಪರೀಕ್ಷಿಸಿದ ರಾಬರ್ಟ್ ಬ್ರೂಸ್ ಫೂಟನು ಇವು ಸೆಗಣಿಯ ರಾಶಿ ಸುಟ್ಟು ಆದ ದಿಬ್ಬಗಳೆಂದು ಅರಿತನು. ಮುಂದೆ ಆಲ್ಚಿನ್ ಎಂಬ ವಿದ್ವಾಂಸನು ಈ ಪ್ರಾಂತದಲ್ಲಿ ಅಗೆತ ನಡೆಸಿ, ೧೯೬೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇವು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ದನಗಾಹಿಗಳ ದೊಡ್ಡಿಗಳೆಂಬುದನ್ನು ವಿಸ್ತಾರವಾಗಿ ತೋರಿಸಿದನು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ದನಗಳನ್ನು ಕಡಿದು ಮಾಂಸವನ್ನು ಹಸನುಮಾಡುತ್ತಿದ್ದ ನೆಲವೂ ಕಾಣಬಂದಿತು. ಆ ಕಾಲದಲ್ಲಿ ದನವನ್ನು ಸಾಕಿದ ಜನರೇ ಅದನ್ನು ಕಡಿದು ತಿಂದವರೂ ಆಗಿದ್ದರು. ಆಮೇಲಿನ ಕಾಲದಲ್ಲಿ ಇದೇ ನೆಲದಲ್ಲಿ ಆಕಳು ಪೂಜ್ಯವಾಯಿತು, ಎತ್ತು ಬಸವಣ್ಣನಾಯಿತು. ಆದಕಾರಣ ಮನುಷ್ಯನಿಗೂ ದನಕ್ಕೂ ಇರುವ ಸಂಬಂಧವು ಅನಾದಿಯಿಂದ ಒಂದೇ ತೆರನಾಗಿತ್ತೆಂದೂ, ಈಗ ಮಾತ್ರ ಪೇಟೆಯು ಬಂದು ಅದನ್ನು ಕೆಡಿಸಿತೆಂದೂ ಹೇಳುವುದು ಯುಕ್ತವಲ್ಲ.

ಹಿರಿಯರ ನೆನಪಿಗೆ ಬರುವ ಹಳೆಯ ಕ್ರಮವು ಎತ್ತಿನ ಸುತ್ತ ಹೆಣೆದುದಾಗಿತ್ತು. ಎರೆಭೂಮಿಯಲ್ಲಿ ಹಿಂಗಾರಿ ಜೋಳ. ಜೋಳದ ಕಣಿಕೆ ದನಕ್ಕೆ. ದನದ ಸೆಗಣಿ ತಿಪ್ಪೆಗೂ ಕುಳ್ಳಿಗೂ. ತಿಪ್ಪೆಗೊಬ್ಬರ ಮತ್ತೆ ಹೊಲಕ್ಕೆ. ಎರೆಮಣ್ಣನ್ನು ಉಳುವ ಕಸುವಿಗಾಗಿಯೇ ಹೆಸರಾದ ಕೃಷ್ಣಾ ಕಣಿವೆಯ ತಳಿಯು ಈ ನದಿಯ ಸೀಮೆಯದೇ. ಆಕಳನ್ನು ಸಾಕುತ್ತಿದ್ದುದು ಹಾಲಿಗಿಂತ ಹೆಚ್ಚಾಗಿ ಅದು ಈಯುವ ಹೋರಿಗಾಗಿ. ಕಾರಹುಣ್ಣಿಮೆಯ ದಿನ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಊರಲ್ಲಿ ಮೆರೆಸುವರು. ಅಮಾವಾಸ್ಯೆಗೆ ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವರು. ಮುಂಗಾರಿನ ಆ ಹಬ್ಬದ ದಿನಗಳಲ್ಲಿ ಎತ್ತುಗಳಿಂದ ಭಾರವಾದ ಕಲ್ಲು ಎಳೆಸುವ ಪಂದ್ಯವನ್ನು ನೋಡಲು ರಾಯಚೂರು ನಗರದಲ್ಲಿ ಜನ ಕಿಕ್ಕಿರಿದು ಸೇರುವುದುಂಟು.

ಅಂಥ ಮನೆಯಲ್ಲಿ ಹೈನು ಗೃಹಿಣಿಯ ಅಧಿಕಾರಕ್ಕೆ ಸೇರಿದುದು. ಹಾಲನ್ನು ಮಾರುವುದು ಸಲ್ಲದೆಂಬ ಭಾವನೆ ಅನೇಕ ಮನೆಗಳಲ್ಲಿತ್ತು. ಬೆಣ್ಣೆಯನ್ನು ಕಾಸಿ ತುಪ್ಪವನ್ನು ಸಂತೆಗೆ ಒಯ್ಯಬಹುದು. ಮಜ್ಜಿಗೆಯನ್ನು ಮಾತ್ರ ಕೇಳಿ ಬಂದವರಿಗೆ ಬೆಲೆಯಿಲ್ಲದೆ ಕೊಡಬೇಕು. ಗಿಣ್ಣವು ನೆರೆಮನೆಗಳಿಗೆಲ್ಲ ಹಂಚಿಕೆಯಾಗುತ್ತಿತ್ತು. ದನ ಕೊಳ್ಳುವ ಶಕ್ತಿಯಿಲ್ಲದ ಬಡವನು ಉಳ್ಳವನ ಮಣಕವನ್ನು ಪಾಲಿಗೆ ಸಾಕಿ, ಅದು ಈದ ಮೇಲೆ ಕರುವಿನಲ್ಲಿಯೋ ಬೆಲೆಯಲ್ಲಿಯೋ ತನ್ನ ಪಾಲನ್ನು ಪಡೆಯುತ್ತಿದ್ದನು. ಹಾಲು ಕೊಡದ ದನವೂ ಸೆಗಣಿ ಕೊಡುತ್ತಿತ್ತು, ಊರ ಬೀಳಿನಲ್ಲಿ ಮೇದು ಬರುತ್ತಿತ್ತು. ಆದಕಾರಣ ಅದರ ಮುಪ್ಪು ಮನೆಗೆ ಅಷ್ಟು ಭಾರವಾಗುತ್ತಿರಲಿಲ್ಲ.

ಇಷ್ಟನ್ನು ಕೇಳಿ, ಹಳೆಯ ಕ್ರಮವೇ ಧರ್ಮದ ಕ್ರಮವಾಗಿತ್ತು ಎಂದು ನಿಟ್ಟುಸಿರಿಡುವವರಿರುವರು. ಅವರು ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಆಕಳು ಬದುಕಿರುವವರೆಗೆ ಅದು ಮನೆಯ ಲಕ್ಷ್ಮಿ. ಸತ್ತ ಕ್ಷಣದಲ್ಲಿ ಅದನ್ನು ಎಳೆದೊಯ್ದು ಸುಲಿದು ವಿಲೇವಾರಿ ಮಾಡುವ ಭಾರ ಊರ ಹೊರಗಿನ ಒಂದು ಕೇರಿಯದು. ಪೂಜೆಯ ಪುಣ್ಯ ಒಬ್ಬರಿಗೆ, ಹೆಣದ ಹೊರೆ ಮತ್ತೊಬ್ಬರಿಗೆ. ಆ ಹೊರೆಯನ್ನು ಹೊತ್ತುದಕ್ಕಾಗಿಯೇ ಅವರು ಅಸ್ಪೃಶ್ಯರೆನಿಸಿಕೊಂಡರು. ಅದೇ ಕೇರಿಯ ಮಕ್ಕಳಿಗೆ ದಕ್ಕುತ್ತಿದ್ದುದು ಎತ್ತರದಿಂದ ಹೊಯ್ದ ಮಜ್ಜಿಗೆ. ಹಾಲಿನ ಫಲವೊಬ್ಬರಿಗೆ, ಹೊಣೆಯೊಬ್ಬರಿಗೆ ಎಂಬ ಅನ್ಯಾಯವು ಪೇಟೆಯು ಹುಟ್ಟಿಸಿದುದಲ್ಲ. ಅದು ಊರಲ್ಲಿಯೇ ಬೇರುಬಿಟ್ಟಿತ್ತು. ಹೊಸ ಕ್ರಮವನ್ನು ಕಟ್ಟುವವರು ಅದೇ ಬೇರಿನಿಂದ ಹೊಸ ಕವಲೊಡೆಯದಂತೆ ನೋಡಿಕೊಳ್ಳಬೇಕು.

೩

ಕ್ರಮವು ಬದಲಾದುದು ಯಾರ ಉಪದೇಶದಿಂದಲೂ ಅಲ್ಲ. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ನೀರು ಹಿಡಿಯಿತು. ಎಡದಂಡೆಯ ಕಾಲುವೆ ಸಿಂಧನೂರು, ಮಾನ್ವಿಗಳ ಹೊಲಗಳಿಗೆ ನೀರು ತಂದಿತು. ಮುಂದೆ ಕೃಷ್ಣೆಯ ನಾರಾಯಣಪುರ ಜಲಾಶಯದ ಬಲದಂಡೆ ಕಾಲುವೆ ದೇವದುರ್ಗದ ಕೆಲವು ಭಾಗಗಳನ್ನು ಮುಟ್ಟಿತು. ಜೋಳವಿದ್ದಲ್ಲಿ ನೆಲ್ಲು ಬಂದಿತು, ಎತ್ತಿದ್ದಲ್ಲಿ ಟ್ರ್ಯಾಕ್ಟರು ಬಂದಿತು. ಕಣಿಕೆ ಕಡಮೆಯಾಗಿ, ಅದರಷ್ಟು ಪುಷ್ಟಿಯಿಲ್ಲದ ನೆಲ್ಲುಹುಲ್ಲು ಉಳಿಯಿತು. ನೀರು ಮುಟ್ಟದ ಹಳ್ಳಿಗಳ ಜನ ಬೇಸಗೆಯಲ್ಲಿ ಬೆಂಗಳೂರು, ಹೈದರಾಬಾದು, ಪುಣೆಗಳಿಗೆ ಗುಳೆ ಹೋಗುವುದು ವಾಡಿಕೆಯಾಯಿತು. ಪ್ರಾದೇಶಿಕ ಅಸಮಾನತೆಯನ್ನು ವಿಚಾರಿಸಿದ ಡಾ. ನಂಜುಂಡಪ್ಪನವರ ಸಮಿತಿಯು ೨೦೦೨ರ ವರದಿಯಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಸೇರಿಸಿತು.

ಎತ್ತಿನ ಕೆಲಸ ಹೋದೊಡನೆ ಆಕಳನ್ನು ಸಾಕುವ ಹಳೆಯ ಕಾರಣವೂ ಹೋಯಿತು. ಉಳಿದ ಕಾರಣ ಹಾಲೊಂದೇ. ಹಾಲಿಗೆ ಬೆಲೆ ಕಟ್ಟುವ ದಾರಿಯನ್ನು ಗುಜರಾತು ಮೊದಲು ತೋರಿಸಿತ್ತು. ೧೯೪೬ರಲ್ಲಿ ಖೇಡಾ ಜಿಲ್ಲೆಯ ಹಾಲುಗಾರರು, ಕೊಳ್ಳುವ ಏಕಸ್ವಾಮ್ಯದ ವ್ಯಾಪಾರಿಗೆ ಹಾಲು ಹಾಕದೆ, ತ್ರಿಭುವನದಾಸ ಪಟೇಲರ ಮುಂದಾಳುತನದಲ್ಲಿ ತಮ್ಮದೇ ಸಂಘವನ್ನು ಕಟ್ಟಿದರು. ೧೯೪೯ರಲ್ಲಿ ಅಲ್ಲಿಗೆ ಬಂದ ವರ್ಗೀಸ್ ಕುರಿಯನ್ನರು ಅದನ್ನು ಬೆಳೆಸಿದರು. ೧೯೭೦ರಲ್ಲಿ ಆರಂಭವಾದ ಕ್ಷೀರಪ್ರವಾಹ ಯೋಜನೆಯಿಂದ ಆ ಮಾದರಿ ದೇಶಕ್ಕೆಲ್ಲ ಹರಡಿತು. ಕರ್ನಾಟಕದಲ್ಲಿ ೧೯೭೪-೭೫ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕೆಲಸ ಮೊದಲಾಗಿ, ೧೯೮೪ರಲ್ಲಿ ಹಾಲು ಮಹಾಮಂಡಳಿಯು ಏರ್ಪಟ್ಟಿತು. ಕೋಲಾರ, ಮಂಡ್ಯ, ಹಾಸನಗಳಲ್ಲಿ ಹಾಲಿನ ಸಂಘವು ಊರಿನ ಗುಡಿಯಷ್ಟೇ ಸಹಜವಾಯಿತು. ಬಳ್ಳಾರಿಯನ್ನು ಕೇಂದ್ರವಾಗಿ ಮಾಡಿಕೊಂಡ ಒಕ್ಕೂಟಕ್ಕೆ ಸೇರಿದ ರಾಯಚೂರು ಸೀಮೆಯಲ್ಲಿ ಅದು ಅಷ್ಟು ಬೇಗ ಬೇರೂರಲಿಲ್ಲ.

ಈ ಬದಲಾವಣೆಯಿಂದ ಆದ ಒಳ್ಳಿತನ್ನು ಅಲ್ಲಗಳೆಯಲಾಗದು. ಬೆಳೆಯ ಹಣ ವರುಷಕ್ಕೊಮ್ಮೆ ಬರುವುದು, ಬಂದೊಡನೆ ಸಾಲಗಾರನ ಕೈ ಸೇರುವುದು. ಹಾಲಿನ ಹಣ ಸ್ವಲ್ಪಸ್ವಲ್ಪವಾಗಿ, ಆದರೆ ಮತ್ತೆ ಮತ್ತೆ ಬರುವುದು. ಸಂಘದಲ್ಲಿ ಅಳೆಯುವುದು ಹಾಲಿನ ಪ್ರಮಾಣವನ್ನೂ ಜಿಡ್ಡನ್ನೂ ಹೊರತು ಜಾತಿಯನ್ನಲ್ಲ. ಎಲ್ಲರ ಹಾಲೂ ಒಂದೇ ಪಾತ್ರೆಗೆ ಬೀಳುವುದು. ಎತ್ತರದಿಂದ ಮಜ್ಜಿಗೆ ಹೊಯ್ಯಿಸಿಕೊಂಡ ಕೇರಿಯ ಹೆಣ್ಣುಮಗಳು ಸದಸ್ಯಳಾಗಿ, ಸಾಲಿನಲ್ಲಿ ನಿಂತು, ತನ್ನ ಹಾಲಿನ ಬೆಲೆಯನ್ನು ಎಣಿಸಿಕೊಳ್ಳುವುದಾದರೆ, ಅದು ಉಪದೇಶಗಳಿಂದ ಆಗದ ಕೆಲಸ. ಈ ಒಂದು ಕಾರಣಕ್ಕಾಗಿಯೇ, ಹಾಲು ಮಾರುವುದು ಪಾಪವೆನ್ನುವ ಹಳೆಯ ಭಾವನೆಗೆ ಹಿಂದಿರುಗಬೇಕೆನ್ನುವವರ ಮಾತನ್ನು ಒಪ್ಪಲಾಗದು.

೪

ಆದರೆ ಆ ಹಳೆಯ ಭಾವನೆಯ ಒಳಗೆ ಒಂದು ವಿವೇಕವಿತ್ತು. ಮಾರಬಾರದೆಂದರೆ ಮನೆಯ ಕೂಸಿಗೆ ಮೊದಲು ಉಳಿಯಬೇಕೆಂದು ಅರ್ಥ. ಹಾಲಿಗೆ ಬೆಲೆ ಬಂದೊಡನೆ ಪ್ರತಿಯೊಂದು ಲೋಟವೂ ತಾಯಿಯ ಮುಂದೆ ಎರಡು ರೂಪದಲ್ಲಿ ನಿಲ್ಲುವುದು: ಇದು ಮಗುವಿನ ಹಾಲು, ಇದು ಇಷ್ಟು ರೂಪಾಯಿ. ರೂಪಾಯಿಯ ಪಕ್ಷದಲ್ಲಿ ಸಾಲದ ಕಂತು ನಿಂತಿರುವುದು, ಹಿಂಡಿಯ ಅಂಗಡಿಯವನು ನಿಂತಿರುವನು. ಮಗುವಿನ ಪಕ್ಷದಲ್ಲಿ ಮಗುವಿನ ಅಳುವೊಂದೇ.

೨೦೧೧ರಲ್ಲಿ ರಾಯಚೂರು ಜಿಲ್ಲೆಯ, ವಿಶೇಷವಾಗಿ ದೇವದುರ್ಗದ, ಮಕ್ಕಳ ಅಪೌಷ್ಟಿಕತೆಯ ಸುದ್ದಿ ನಾಡಿನ ಮನಸ್ಸನ್ನು ಕಲಕಿತು. ಉಚ್ಚ ನ್ಯಾಯಾಲಯವು ಅದನ್ನು ವಿಚಾರಣೆಗೆ ಎತ್ತಿಕೊಂಡು, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿಯು ಏರ್ಪಟ್ಟು, ೨೦೧೨ರಲ್ಲಿ ವರದಿ ಬಂದಿತು. ೨೦೧೩ರ ಆಗಸ್ಟಿನಲ್ಲಿ ರಾಜ್ಯವೆಲ್ಲಕ್ಕೂ ಕ್ಷೀರಭಾಗ್ಯ ಯೋಜನೆ ಮೊದಲಾಗಿ, ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ಮಕ್ಕಳಿಗೆ ೧೫೦ ಮಿಲಿಲೀಟರು ಹಾಲು ದೊರೆಯತೊಡಗಿತು. ಅದು ಮಹಾಮಂಡಳಿಯ ಹಾಲಿನ ಪುಡಿಯಿಂದ ಮಾಡಿದ ಹಾಲು. ಇದರಲ್ಲಿ ಯೋಚಿಸತಕ್ಕ ಒಂದು ವಿಷಯವಿದೆ. ಹಳ್ಳಿಯ ಮನೆಯಿಂದ ಹೊರಟ ಹಾಲು ಸಂಘಕ್ಕೆ, ಸಂಘದಿಂದ ಡೈರಿಗೆ ಹೋಗಿ, ಪುಡಿಯಾಗಿ, ಚೀಲದಲ್ಲಿ ತುಂಬಿ, ಹಳ್ಳಿಯ ಶಾಲೆಗೆ ಬಂದು, ಮತ್ತೆ ನೀರಿನಲ್ಲಿ ಕದಡಿ ಅದೇ ಮಗುವಿನ ಕೈಗೆ ಸೇರುವುದು.

ಇದನ್ನು ಹಾಸ್ಯವೆಂದು ನಗುವುದು ಸುಲಭ. ಆದರೆ ಆಕಳಿಲ್ಲದ ಮನೆಯ ಮಗುವಿಗೂ ಈ ದಾರಿಯಿಂದಲೇ ಹಾಲು ಮುಟ್ಟುವುದೆಂಬುದನ್ನು ಮರೆಯಬಾರದು. ಅದರೊಡನೆ, ಶಾಲೆಗೆ ಇನ್ನೂ ಹೋಗದ, ಅಂಗನವಾಡಿಯ ಹೊಸ್ತಿಲು ತುಳಿಯದ, ಗುಳೆ ಹೋದ ತಾಯಿಯ ಬೆನ್ನಿನಲ್ಲಿರುವ ಕೂಸಿಗೆ ಈ ಸುತ್ತುದಾರಿ ಮುಟ್ಟುವುದಿಲ್ಲವೆಂಬುದನ್ನೂ ಮರೆಯಬಾರದು. ಹಾಲು ಮಾರಿದ ತಾಯಿಯನ್ನು ಬೈಯುವುದಕ್ಕೆ ಯಾರಿಗೂ ಅಧಿಕಾರವಿಲ್ಲ. ಅವಳು ಹಾಲನ್ನು ಕೊಟ್ಟು ಜೋಳವನ್ನು ತಂದಿರಬಹುದು, ಔಷಧವನ್ನು ತಂದಿರಬಹುದು. ದೋಷವೇನಿದ್ದರೂ ಅದು ಹೆಚ್ಚು ಹಾಲು ಹಾಕೆಂದು ಹುರಿದುಂಬಿಸಿ, ಮನೆಯಲ್ಲಿ ಎಷ್ಟು ಉಳಿಯಿತೆಂದು ಒಮ್ಮೆಯೂ ಕೇಳದ ಉಪಕಾರಿಯದು. ಮನೆಯಲ್ಲಿ ಉಳಿದು ಮಿಕ್ಕಿದುದನ್ನು ಮಾರುವುದು ವ್ಯಾಪಾರ. ಮನೆಯದನ್ನು ಬರಿದುಮಾಡಿ ಮಾರುವುದಕ್ಕೆ ಬೇರೆ ಹೆಸರು ಬೇಕು. ಇವೆರಡೂ ಸಂಘದ ಲೆಕ್ಕದ ಪುಸ್ತಕದಲ್ಲಿ ಒಂದೇ ಅಂಕಿಯಾಗಿ ಕಾಣುವುವು. ಧರ್ಮದ ಲೆಕ್ಕದಲ್ಲಿ ಒಂದೇ ಅಲ್ಲ.

೫

ಎರಡನೆಯದು ಅಪಾಯದ ಮಾತು. ಹೈನುಗಾರಿಕೆಯ ಲಾಭವನ್ನು ಹೇಳಿಕೊಡುವವರು ಸಾಮಾನ್ಯವಾಗಿ ಹಿಂಡುವ ದಿನದ ಲೆಕ್ಕವನ್ನು ಹೇಳುವರು: ಇಷ್ಟು ಲೀಟರು ಹಾಲು, ಇಷ್ಟು ಬೆಲೆ, ಇಷ್ಟು ಮೇವು, ಉಳಿದುದು ಲಾಭ. ಆದರೆ ಆಕಳು ಯಂತ್ರವಲ್ಲ. ಅದರ ಗರ್ಭಧಾರಣೆಯ ಕಾಲ ಸುಮಾರು ೨೮೦ ದಿನ, ಎಮ್ಮೆಯದು ಸುಮಾರು ೩೧೦ ದಿನ. ಒಮ್ಮೆ ಈದರೆ ಹತ್ತು ತಿಂಗಳು ಹಿಂಡಬಹುದು. ಮುಂದಿನ ಈತಕ್ಕೆ ಮುಂಚೆ ಎರಡು ತಿಂಗಳಾದರೂ ಬಿಡುವು ಬೇಕು. ಬೆದೆಯ ಕಾಲ ತಪ್ಪಿದರೆ, ಗರ್ಭ ನಿಲ್ಲದಿದ್ದರೆ, ಬಿಡುವು ಆರು ತಿಂಗಳಾಗುವುದು, ವರುಷವಾಗುವುದು. ಎರಡೂವರೆ ಲೀಟರು ಹಾಲಿಗೆ ಒಂದು ಕಿಲೋ ಹಿಂಡಿತೌಡು ಬೇಕೆಂಬುದು ಸಾಮಾನ್ಯ ನಿಯಮ. ಅದಲ್ಲದೆ ಮೈಯ ನಿರ್ವಾಹಕ್ಕೆ ದಿನಕ್ಕೆ ಒಂದು ಒಂದೂವರೆ ಕಿಲೋ, ಅದರ ಮೇಲೆ ಹುಲ್ಲು. ಹಾಲು ಬತ್ತಿದರೂ ಬಾಯಿ ಬತ್ತುವುದಿಲ್ಲ. ಬ್ಯಾಂಕಿನ ಕಂತಿಗೆ ಮಾತ್ರ ಬಿಡುವಿನ ತಿಂಗಳೆಂಬುದಿಲ್ಲ.

ಇದರ ಮೇಲೆ ರಾಯಚೂರಿನ ಬಿಸಿಲು. ಬೇಸಗೆಯಲ್ಲಿ ನಾಲ್ವತ್ತು ಡಿಗ್ರಿಯನ್ನು ಮೀರುವ ಈ ಸೀಮೆಯಲ್ಲಿ, ತಂಪು ದೇಶದಿಂದ ಬಂದ ಹೋಲ್‌ಸ್ಟೀನ್ ತಳಿಯ ರಕ್ತ ಹೆಚ್ಚಾಗಿರುವ ಆಕಳು ತೇಗುವುದು, ಮೇವು ಬಿಡುವುದು, ಹಾಲು ಇಳಿಸುವುದು. ಎಮ್ಮೆಗೆ ಬೆವರುವ ಶಕ್ತಿ ಕಡಮೆ. ಅದಕ್ಕೆ ಮೈಮುಳುಗುವಷ್ಟು ನೀರು ಬೇಕು. ಕಾಲುವೆಯ ಬದಿಯ ಮಾನ್ವಿಯ ಊರಿಗೆ ಹೊಂದಿದ ಪ್ರಾಣಿಯು ದೇವದುರ್ಗದ ಒಣನೆಲಕ್ಕೆ ಹೊಂದಬೇಕೆಂಬ ನಿಯಮವಿಲ್ಲ. ೨೦೨೨ರಲ್ಲಿ ಚರ್ಮಗಂಟು ರೋಗವು ರಾಜ್ಯದ ಉದ್ದಗಲಕ್ಕೂ ಹಬ್ಬಿ ದನಗಳು ಸತ್ತಾಗ, ದನದ ಸಂತೆಗಳು ನಿಂತಾಗ, ಹತ್ತು ಎಕರೆಯವನಿಗೆ ಅದು ನಷ್ಟವಾಗಿತ್ತು. ಒಂದೇ ಆಕಳಿದ್ದವನಿಗೆ ಅದು ಸರ್ವನಾಶವಾಗಿತ್ತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಯಾವ ವ್ಯಾಪಾರದಲ್ಲಿ ಅಪಾಯವಿಲ್ಲ? ಅಪಾಯಕ್ಕೆ ಹೆದರುವವನು ಮುಂದೆ ಬರುವುದೆಂತು? ಮಾತು ನಿಜ. ಆದರೆ ಅಪಾಯವನ್ನು ತಿಳಿದು ತಾನೇ ಎತ್ತಿಕೊಳ್ಳುವುದು ಬೇರೆ. ಮತ್ತೊಬ್ಬನ ಉತ್ಸಾಹದಿಂದ ತನ್ನ ತಲೆಯ ಮೇಲೆ ಬೀಳುವುದು ಬೇರೆ. ವರ್ತಕನು ಹತ್ತು ಕಡೆ ಬಂಡವಾಳ ಹಾಕಿರುವನು, ಒಂದು ಮುಳುಗಿದರೆ ಒಂಬತ್ತು ಉಳಿಯುವುವು. ಸಣ್ಣ ಹಿಡುವಳಿದಾರನು ಒಂದನ್ನೇ ಹಾಕಿರುವನು. ಅವನ ಹಿಂಜರಿಕೆಯನ್ನು ಅಧಿಕಾರಿಗಳು ಎಷ್ಟೋ ಸಲ ಅಜ್ಞಾನವೆಂದು ಕರೆಯುವರು. ಅದು ಬಹುಮಟ್ಟಿಗೆ ಅನುಭವದ ಲೆಕ್ಕವೇ. ವಿಮೆಯ ಕಾಗದ ಸರಿಯಾಗಿ ಆಗಿದೆಯೆ, ಪಶುವೈದ್ಯನು ಕರೆದ ದಿನವೇ ಬರುವನೆ, ಬೇಸಗೆಗೆ ಹಸಿರು ಮೇವುಂಟೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲಾಗದವನು ಎರಡನೆಯ ಆಕಳನ್ನು ಕೊಳ್ಳೆಂದು ಯಾರಿಗೂ ಹೇಳತಕ್ಕದ್ದಲ್ಲ.

೬

ಎಲ್ಲಕ್ಕಿಂತ ಕಠಿನವಾದುದು ಮೂರನೆಯದು. ಹಾಲು ಬೇಕೆಂದರೆ ಆಕಳು ಈಯಬೇಕು. ಈದ ಕರುಗಳಲ್ಲಿ ಅರ್ಧಕ್ಕರ್ಧ ಹೋರಿಗಳು. ಹಿಂದೆ ಹೋರಿ ಹುಟ್ಟಿದರೆ ಮನೆಯಲ್ಲಿ ಹರ್ಷ. ಈಗ ಟ್ರ್ಯಾಕ್ಟರಿನ ಕಾಲದಲ್ಲಿ ಅದಕ್ಕೆ ಕೆಲಸವಿಲ್ಲ. ಆಕಳಿಗಾದರೋ ಹತ್ತು ಹನ್ನೆರಡು ವರುಷಗಳಲ್ಲಿ ಹೈನು ಮುಗಿದರೂ ಆಯುಷ್ಯ ಇನ್ನೂ ಐದಾರು ವರುಷ ಉಳಿದಿರುವುದು. ಪಶ್ಚಿಮ ದೇಶಗಳಲ್ಲಿ ಹೈನುಗಾರಿಕೆಯ ಹಿಂದೆ ಮಾಂಸದ ಪೇಟೆ ನಿಂತಿದೆ. ಹೋರಿಗರುವೂ ಮುದಿ ಆಕಳೂ ಅಲ್ಲಿ ಬೆಲೆ ತರುವುವು; ಹಾಲಿನ ಲೆಕ್ಕವು ಆ ಬೆಲೆಯನ್ನು ಸೇರಿಸಿಕೊಂಡೇ ಸರಿಹೋಗುವುದು. ಆ ಮಾದರಿಯ ಒಂದು ಅರ್ಧವನ್ನು ಮಾತ್ರ ತಂದು ಇಲ್ಲಿ ನೆಟ್ಟರೆ, ಇನ್ನೊಂದು ಅರ್ಧದ ವೆಚ್ಚ ಎಲ್ಲಿಂದ ಬರಬೇಕು?

ರಾಜ್ಯಾಂಗದ ೪೮ನೆಯ ವಿಧಿಯು ಒಂದೇ ಉಸಿರಿನಲ್ಲಿ ಎರಡು ಮಾತುಗಳನ್ನು ಹೇಳುವುದು: ಪಶುಸಂಗೋಪನೆಯನ್ನು ಆಧುನಿಕವಾಗಿಯೂ ವೈಜ್ಞಾನಿಕವಾಗಿಯೂ ನಡೆಸಬೇಕು, ಆಕಳು, ಕರು ಮತ್ತು ಹಾಲು ಕೊಡುವ, ದುಡಿಯುವ ದನಗಳ ವಧೆಯನ್ನು ತಡೆಯಬೇಕು. ೧೯೫೮ರಲ್ಲಿ ಸರ್ವೋಚ್ಚ ನ್ಯಾಯಾಲಯವು, ದುಡಿಮೆಗೂ ಹೈನಿಗೂ ಬಾರದ ಎತ್ತು ಎಮ್ಮೆಗಳನ್ನು ಸಹ ಉಳಿಸಬೇಕೆಂದರೆ ಉಪಯುಕ್ತವಾದವುಗಳ ಮೇವಿಗೆ ಕೊರತೆಯಾಗುವುದೆಂದು ಎಣಿಸಿ, ಪೂರ್ಣ ನಿಷೇಧವನ್ನು ಒಪ್ಪಲಿಲ್ಲ. ೨೦೦೫ರಲ್ಲಿ ಅದೇ ನ್ಯಾಯಾಲಯವು, ಮುದಿ ಎತ್ತಿನ ಸೆಗಣಿಗೂ ಬೆಲೆಯುಂಟೆಂದು, ಗುಜರಾತಿನ ಪೂರ್ಣ ನಿಷೇಧವನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿ ೧೯೬೪ರ ಶಾಸನವು ಹನ್ನೆರಡು ವರುಷ ಮೀರಿದ ಎತ್ತು, ಎಮ್ಮೆಗಳಿಗೆ ಪ್ರಮಾಣಪತ್ರದ ಮೇಲೆ ವಧೆಯ ಅನುಮತಿಯನ್ನಿತ್ತಿತ್ತು. ೨೦೨೧ರ ಜನವರಿಯಲ್ಲಿ ಜಾರಿಗೆ ಬಂದ ಶಾಸನವು ಹದಿಮೂರು ವರುಷ ಮೀರಿದ ಎಮ್ಮೆ ಕೋಣಗಳನ್ನು ಬಿಟ್ಟು ಎಲ್ಲ ದನದ ವಧೆಯನ್ನೂ ನಿಷೇಧಿಸಿತು.

ವಧೆಯು ಸರಿಯೆ, ತಪ್ಪೆ ಎಂಬ ವಿಷಯದಲ್ಲಿ ನಾಡಿನ ಜನರ ಶ್ರದ್ಧೆಗಳೂ ಆಹಾರಪದ್ಧತಿಗಳೂ ಬೇರೆಬೇರೆ. ಒಬ್ಬರಿಗೆ ಅದು ಮಾತೃಹತ್ಯೆಗೆ ಸಮ. ಇನ್ನೊಬ್ಬರಿಗೆ ತಲೆತಲಾಂತರದ ಊಟ, ಬಡವನ ಪುಷ್ಟಿ. ಆ ವಾದವನ್ನು ಇಲ್ಲಿ ತೀರ್ಮಾನಿಸುವ ಅವಶ್ಯಕತೆಯಿಲ್ಲ. ಯಾವ ಪಕ್ಷದವರೂ ಒಪ್ಪಬೇಕಾದ ಒಂದು ಮಾತುಂಟು: ಒಂದು ಪ್ರಾಣಿಯು ಬದುಕಬೇಕೆಂದು ಸ್ಥಿರಪಡಿಸಿದವರು ಅದು ಏನನ್ನು ತಿಂದು ಬದುಕಬೇಕೆಂಬುದನ್ನೂ ಹೇಳಬೇಕು. ತನ್ನ ಶ್ರದ್ಧೆಯ ವೆಚ್ಚವನ್ನು ಮತ್ತೊಬ್ಬನ ಕೊಟ್ಟಿಗೆಯ ಮೇಲೆ ಹಾಕುವುದು ಧರ್ಮವಲ್ಲ; ಆ ಕೊಟ್ಟಿಗೆಯವನೂ ಅದೇ ಶ್ರದ್ಧೆಯವನಾಗಿದ್ದರೂ ಅಲ್ಲ.

ಆ ವೆಚ್ಚ ಎಷ್ಟೆಂಬುದನ್ನು ಸರಕಾರವೇ ಒಂದು ವಿಧದಲ್ಲಿ ಹೇಳಿದೆ. ೨೦೨೨ರಲ್ಲಿ ಮೊದಲಾದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಗೋಶಾಲೆಯ ಒಂದು ಆಕಳನ್ನು ವರುಷಕ್ಕೆ ದತ್ತು ತೆಗೆದುಕೊಳ್ಳುವವರು ಕೊಡಬೇಕಾದುದು ೧೧,೦೦೦ ರೂಪಾಯಿ ಎಂದು ಗೊತ್ತುಮಾಡಲಾಯಿತು. ಇನ್ನೊಂದು ಕಡೆ, ಸಂಘಕ್ಕೆ ಹಾಕುವ ಹಾಲಿಗೆ ಸರಕಾರದ ಪ್ರೋತ್ಸಾಹಧನ ೨೦೦೮ರಲ್ಲಿ ಲೀಟರಿಗೆ ೨ ರೂಪಾಯಿಯಾಗಿ ಮೊದಲಾಗಿ, ೨೦೧೩ರಲ್ಲಿ ೪ ರೂಪಾಯಿಗೂ ೨೦೧೬ರಲ್ಲಿ ೫ ರೂಪಾಯಿಗೂ ಏರಿತು. ದಿನಕ್ಕೆ ಐದು ಲೀಟರಿನಂತೆ ಮುನ್ನೂರು ದಿನ ಹಾಲು ಹಾಕಿದ ಮನೆಗೆ ೫ ರೂಪಾಯಿಯ ಲೆಕ್ಕದಲ್ಲಿ ವರುಷಕ್ಕೆ ಬರುವುದು ೭,೫೦೦ ರೂಪಾಯಿ. ಮನೆಯಲ್ಲಿ ಒಂದೇ ಒಂದು ಮುದಿ ಆಕಳಿದ್ದರೆ ಪ್ರೋತ್ಸಾಹಧನವೆಲ್ಲ ಹೋಗಿ ಇನ್ನೂ ೩,೫೦೦ ರೂಪಾಯಿ ಸಾಲದು. ಲೀಟರಿನ ಮೇಲೆ ಕೊಡುವ ಸಹಾಯವು ಹೆಚ್ಚು ಹಿಂಡುವವನಿಗೆ ಹೆಚ್ಚು, ಕಡಮೆ ಹಿಂಡುವವನಿಗೆ ಕಡಮೆ. ಆಕಳು ಬತ್ತಿದವನಿಗೆ, ಎಂದರೆ ಸಹಾಯ ಅತ್ಯಂತ ಬೇಕಾದ ಹೊತ್ತಿನಲ್ಲಿ ಇರುವವನಿಗೆ, ಏನೂ ಇಲ್ಲ.

ಕೊಳ್ಳುವವರಿಲ್ಲದೆ, ಸಾಕುವ ಶಕ್ತಿಯಿಲ್ಲದೆ ಹೋದಾಗ ಮನುಷ್ಯನು ಏನು ಮಾಡುವನು? ಕತ್ತಲಲ್ಲಿ ಹೋರಿಗರುವನ್ನು ಬೇರೆ ಊರಿನ ಹಾದಿಯಲ್ಲಿ ಬಿಟ್ಟುಬರುವನು. ಇಲ್ಲವೆ ಕರುವಿಗೆ ಹಾಲು ಬಿಡದೆ ಅದು ತಾನಾಗಿ ಸಾಯಲೆಂದು ಕಾಯುವನು. ಅಂಥ ಸಾವು ಯಾವ ಶಾಸನದ ಕಣ್ಣಿಗೂ ಬೀಳುವುದಿಲ್ಲ. ಆದರೆ ಅದನ್ನು ಅಹಿಂಸೆಯೆಂದು ಕರೆಯುವ ಧೈರ್ಯ ಯಾರಿಗಿದೆ? ಹಾಗೆ ಮಾಡಿದವನು ಕ್ರೂರನೆನ್ನುವುದಕ್ಕೆ ಮೊದಲು, ಅವನಿಗೆ ಬೇರೆ ಯಾವ ಬಾಗಿಲು ತೆರೆದಿತ್ತೆಂದು ಕೇಳಬೇಕು.

ಈ ವಿಷಯವನ್ನು ಬಹಳ ಹಿಂದೆಯೇ ನೇರವಾಗಿ ಎದುರಿಸಿದವರು ಗಾಂಧೀಜಿ. ೧೯೨೭ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಗಾಗಿ ತಂಗಿದ್ದಾಗ ಅವರು ಅಲ್ಲಿಯ ಇಂಪೀರಿಯಲ್ ಡೈರಿಗೆ ವಿದ್ಯಾರ್ಥಿಯಂತೆ ಹೋಗಿ ಹೈನುಗಾರಿಕೆಯನ್ನು ಅಭ್ಯಾಸಮಾಡಿದರು. ಗೋರಕ್ಷಣೆಯೆಂದರೆ ಕಟುಕನೊಡನೆ ಜಗಳವಲ್ಲವೆಂಬುದು ಅವರ ನಿಲವು. ಆಕಳು ಹೆಚ್ಚು ಹಾಲು ಕೊಡುವಂತೆ ಮಾಡುವ ಡೈರಿಯೂ, ತಾನಾಗಿ ಸತ್ತ ದನದ ಚರ್ಮವನ್ನು ಹದಮಾಡುವ ಚರ್ಮಾಲಯವೂ ಗೋಶಾಲೆಯ ಎರಡು ಅಂಗಗಳಾಗಬೇಕೆಂದು ಅವರು ಹೇಳುತ್ತಿದ್ದರು. ಚರ್ಮದ ಕೆಲಸವನ್ನು ಒಂದು ಕೇರಿಯ ತಲೆಗೆ ಕಟ್ಟಿ ಹೀನವೆನ್ನುವುದನ್ನು ಬಿಟ್ಟು, ಅದನ್ನು ಗೋರಕ್ಷಕನ ಸ್ವಂತ ಕರ್ತವ್ಯವೆಂದು ಎಣಿಸಿದುದರಲ್ಲಿ ಆ ವಿಚಾರದ ಸತ್ತ್ವವಿದೆ. ಅವರ ನಿರ್ಧಾರಗಳೆಲ್ಲವನ್ನೂ ಒಪ್ಪದವರೂ ಅವರ ಪ್ರಾಮಾಣಿಕತೆಯನ್ನು ಒಪ್ಪಬೇಕು: ಉಳಿಸಬೇಕೆಂದವರು ಲೆಕ್ಕ ಹಾಕಿದರು, ಕೈ ಹಚ್ಚಿದರು.

೭

ಹಾಗಾದರೆ ಸಹಾಯವು ಹೇಗಿರಬೇಕು? ಅದರ ಕ್ರಮವೇ ತಿರುಗಬೇಕು. ಈಗ ಆಕಳು ಮೊದಲು, ಮೇವು ಆಮೇಲೆ. ಮೇವೂ ನೀರೂ ಮೊದಲಾಗಬೇಕು. ಮಾನ್ವಿಯ ಕಾಲುವೆಯಂಚಿನಲ್ಲಿ ಹಸಿರು ಮೇವಿಗೆ ಒಂದು ಪಟ್ಟಿ ನೆಲ ಮೀಸಲಾದರೆ ಅದು ದೇವದುರ್ಗದ ಒಣ ಹಳ್ಳಿಗೂ ಆಗುವುದು. ಬಿಸಿಲನ್ನು ತಾಳುವ ತಳಿ ಕಡಮೆ ಹಾಲು ಕೊಟ್ಟರೂ ಕಡಮೆ ಸಾಲದಲ್ಲಿ ನಿಲ್ಲುವುದು. ಹೆಣ್ಣುಗರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯವು ಈಗ ಬಳಕೆಗೆ ಬಂದಿದೆ. ಹತ್ತರಲ್ಲಿ ಒಂಬತ್ತು ಕರುಗಳು ಹೆಣ್ಣಾಗುವ ಈ ವಿದ್ಯೆ ಬಡವನ ಕೊಟ್ಟಿಗೆಗೆ ಮೊದಲು ಬರಬೇಕು, ಏಕೆಂದರೆ ಹೋರಿಗರುವಿನ ಹೊರೆಯನ್ನು ತಾಳಲಾಗದವನು ಅವನೇ. ದುಡಿಯುವವಳು ಹೆಂಗಸಾಗಿರುವಲ್ಲಿ ಸದಸ್ಯತ್ವವೂ ಹಣವೂ ಅವಳ ಹೆಸರಿನಲ್ಲಿರಬೇಕು. ಹಾಗಿದ್ದರೆ ಕೂಸಿನ ಲೋಟವನ್ನು ಅವಳೇ ಕಾಯುವಳು. ಎಲ್ಲಕ್ಕಿಂತ ಮುಖ್ಯವಾಗಿ, ಹಿಂಡುವ ದಿನದ ಹಣದಲ್ಲಿ ಒಂದು ಸಣ್ಣ ಪಾಲು ಬತ್ತಿದ ದಿನಕ್ಕೂ ಮುಪ್ಪಿನ ದಿನಕ್ಕೂ ತೆಗೆದಿಡುವ ಏರ್ಪಾಡು ಬೇಕು. ಆ ಪಾಲನ್ನು ಹಾಲು ಹಾಕುವವನೊಬ್ಬನೇ ಕೊಡತಕ್ಕದ್ದಲ್ಲ. ಹಾಲಿಗೆ ಪಾಲುಗಾರರಾದವರೆಲ್ಲರೂ, ಒಕ್ಕೂಟವೂ ಸರಕಾರವೂ ಕೊಳ್ಳುವವನೂ, ಕೊಡತಕ್ಕದ್ದು. ಹಳೆಯ ಕಾಲದ ಪಾಲಿನ ಸಾಕಣೆಯಲ್ಲಿ ಉಳ್ಳವನೂ ಇಲ್ಲದವನೂ ಒಂದೇ ಮಣಕದ ಲಾಭನಷ್ಟಕ್ಕೆ ಕಟ್ಟುಬಿದ್ದಿದ್ದರು. ಆ ಕಟ್ಟನ್ನು ದೊಡ್ಡದಾಗಿ ಹೊಸೆಯುವುದೇ ಈಗ ಬೇಕಾದ ಕೆಲಸ.

ಇದರಿಂದ ಹಾಲಿನ ಬೆಲೆ ಒಂದೆರಡು ರೂಪಾಯಿ ಏರಬಹುದು. ಆಗ ರಾಯಚೂರಿನ ಮನೆಗಳಲ್ಲಿ ಬೆಳಗಿನ ಚಹದ ಹೊತ್ತಿಗೆ ಗೊಣಗುಟ್ಟುವ ಮಾತು ಕೇಳಬರುವುದು ಸಹಜ. ಆ ಹೊತ್ತಿನಲ್ಲಿ ಗೃಹಸ್ಥನು ಒಂದು ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಳ್ಳಬೇಕು. ಇಷ್ಟು ದಿನ ಆ ಒಂದೆರಡು ರೂಪಾಯಿ ಉಳಿದುದು ಯಾರಿಂದ? ದೇವದುರ್ಗದ ಯಾವುದೋ ಹಳ್ಳಿಯಲ್ಲಿ, ಬತ್ತಿದ ಆಕಳಿನ ಮುಂದೆ ಕೊನೆಯ ಹಿಡಿ ಹುಲ್ಲನ್ನು ಹಾಕಿ, ನಾಳೆಗೆ ಎಲ್ಲಿಂದ ತರಬೇಕೆಂದು ನಿಂತ ಹೆಣ್ಣುಮಗಳು ಅದನ್ನು ತನ್ನ ಕೈಯಿಂದ ತುಂಬಿದ್ದಳು. ಅವಳಿಗೆ ಸಹಾಯ ಮಾಡುವುದು ದಾನವಲ್ಲ. ಕೊಳ್ಳುವವನು ಬಹುದಿನಗಳಿಂದ ಉಳಿಸಿಕೊಂಡ ಬಾಕಿಯ ತೀರುವಳಿ ಅದು.